ಹಾಲಾದ ಹುಳು, ಕರಗುವ ಗಡ್ಡೆ

(ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಮತ್ತು ಕಾಲೇಜು ಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ)

ವೈರಸ್ ಅಂದರೆ ಏನು ಅಂತ ಈ ಊರಿನವರಿಗೆ ನಾನು ಪಾಠ ಮಾಡಬೇಕಾಗಿಲ್ಲ. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಅದನ್ನು ಕೈಯಾರೆ ಮುಟ್ಟಿದ್ದೀರಿ. ನಾನೂ ಮುಟ್ಟಿದ್ದೇನೆ, ಎಂಟು ಒಂಬತ್ತು ವರ್ಷದವಳಿದ್ದಾಗಲೇ.

ನಮ್ಮ ಮನೆಯಲ್ಲಿ ನಡುಮನೆಯೇ ಹುಳುಮನೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ನಮಗೆ ಮಲಗೋಕೆ ಜಾಗ ಇರುತ್ತಿರಲಿಲ್ಲ. ರಾತ್ರಿಯೆಲ್ಲ ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಬಿದ್ದ ಹಾಗೆ. ಒಂದು ಬೆಳೆಯಲ್ಲಿ ಹೀಗಾಯಿತು. ಇನ್ನು ಎರಡು ಮೂರು ದಿನಕ್ಕೆ ಹಣ್ಣಾಗಬೇಕು, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು. ಅಷ್ಟರಲ್ಲಿ ಒಂದು ತಟ್ಟೆಯ ಹುಳುಗಳು ಊದಿಕೊಂಡವು. ಮೈ ಹೊಳೆಯುತ್ತಿತ್ತು. ಸೊಪ್ಪು ಬಿಟ್ಟು ತಟ್ಟೆಯ ಅಂಚಿನ ಕಡೆ ಹರಿದಾಡತೊಡಗಿದವು. ಅಮ್ಮ ಒಂದನ್ನು ಎತ್ತಿದಳು. ಚರ್ಮ ಒಡೆದು ಬೆಳ್ಳಗೆ ಹಾಲಿನಂಥ ನೀರು ಅವಳ ಬೆರಳಿನ ಮೇಲೆ ಸುರಿಯಿತು. ಅಮ್ಮ ಮಾತಾಡಲಿಲ್ಲ. ಆ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಮೂರು ದಿನದಲ್ಲಿ ಉಳಿದ ತಟ್ಟೆಗಳೂ ಅದರ ಹಿಂದೆ ಹೋದವು. ಆ ಸಲ ಗೂಡಿನ ಮಾರ್ಕೆಟ್‌ಗೆ ನಾವು ಹೋಗಲೇ ಇಲ್ಲ.

ಎಷ್ಟೋ ವರ್ಷ ಆದಮೇಲೆ, ಬೆಂಗಳೂರಿನಲ್ಲಿ ಓದುವಾಗ, ಅದೇ ಹಾಲಿನ ಒಂದು ಹನಿಯನ್ನು ಮೈಕ್ರೋಸ್ಕೋಪ್ ಕೆಳಗೆ ನೋಡಿದೆ. ಕಲ್ಲುಸಕ್ಕರೆ ಚೂರಿನ ಹಾಗೆ ಮೂಲೆ ಮೂಲೆ ಇರುವ ಕಣಗಳು, ಲೆಕ್ಕವಿಲ್ಲದಷ್ಟು. ಒಂದೊಂದು ಕಣದೊಳಗೂ ವೈರಸ್‌ಗಳು ಅಡಕವಾಗಿ ಕೂತಿರುತ್ತವೆ. ನಮ್ಮ ಸಾಲ ತೀರದ ಹಾಗೆ ಮಾಡಿದವರು ಇವರೇನಾ ಅಂತ ನೋಡುತ್ತಾ ಕೂತೆ.

ಇದೇ ವೈರಸ್‌ಗೆ ಒಬ್ಬ ದಾಯಾದಿ ಇದ್ದಾನೆ, ಅವನನ್ನು ನೀವು ದುಡ್ಡು ಕೊಟ್ಟು ತರುತ್ತೀರಿ. ಅವರೆಗೆ, ತೊಗರಿಗೆ, ಟೊಮೆಟೊಗೆ ಕಾಯಿಕೊರಕ ಬಿದ್ದಾಗ ಎನ್‌ಪಿವಿ ಹೊಡೆಯಿರಿ ಅನ್ನುತ್ತಾರಲ್ಲ, ಅದೇ. ಹೆಕ್ಟೇರಿಗೆ 250 ಎಲ್‌ಇ ಅಂತ ಲೆಕ್ಕ. ಎಲ್‌ಇ ಅಂದರೆ ಬೇರೇನಲ್ಲ, ಒಂದು ಸತ್ತ ಹುಳುವಿನಿಂದ ಸಿಗುವಷ್ಟು ವೈರಸ್ ಅಂತ. ಬೆಲ್ಲ ಕಲಸಿ ಸಂಜೆ ಹೊಡೆಯಬೇಕು. ಬಿಸಿಲಿಗೆ ವೈರಸ್ ಸಾಯುತ್ತದೆ, ಅದಕ್ಕೆ ಸಂಜೆ. ಬೆಲ್ಲದ ರುಚಿಗೆ ಹುಳು ಜಾಸ್ತಿ ತಿನ್ನುತ್ತದೆ, ಅದಕ್ಕೆ ಬೆಲ್ಲ. ಕೆಲವು ದಿನದಲ್ಲಿ ಹುಳು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ನೇತುಬಿದ್ದು, ಒಡೆದು ಹೋಗುತ್ತದೆ. ಆದರೆ ಅವರೆ ಗಿಡಕ್ಕೆ ಏನೂ ಆಗಲ್ಲ. ಜೇನಿಗೆ ಆಗಲ್ಲ. ಹೊಡೆದವರಿಗೂ ಆಗಲ್ಲ.

ಇವತ್ತಿನ ಮಾತೆಲ್ಲ ಈ ಕೊನೆಯ ಮೂರು ವಾಕ್ಯದ ಮೇಲೆ ನಿಂತಿದೆ. ಹೊಲದಲ್ಲಿ ಒಂದು ಹುಳುವನ್ನು ಮಾತ್ರ ಹುಡುಕಿ ಕೊಲ್ಲುವ ವೈರಸ್ ಇದೆ. ಹಾಗಾದರೆ ನಮ್ಮ ಮೈಯಲ್ಲಿ ಕ್ಯಾನ್ಸರ್ ಕೋಶವನ್ನು ಮಾತ್ರ ಹುಡುಕಿ ಕೊಲ್ಲುವ ವೈರಸ್ ಸಿಕ್ಕರೆ?

ಸಿಕ್ಕಿದೆ. ಕೆಲವು ದೇಶಗಳಲ್ಲಿ ಆಸ್ಪತ್ರೆಗೆ ಬಂದೂ ಆಗಿದೆ. ಆದರೆ ಅದು ಕೆಲಸ ಮಾಡುವ ಬಗೆ, ನಾವು ಅಂದುಕೊಂಡ ಬಗೆ ಅಲ್ಲ. ಅದನ್ನೇ ನಿಧಾನವಾಗಿ ಹೇಳುತ್ತೇನೆ.

ಮೊದಲು, ವೈರಸ್‌ಗೆ ಕ್ಯಾನ್ಸರ್ ಕೋಶ ಯಾಕೆ ಇಷ್ಟ? ನಮ್ಮ ಮೈಯ ಒಂದೊಂದು ಕೋಶವೂ ಒಂದೊಂದು ಮನೆ ಅಂದುಕೊಳ್ಳಿ. ಪ್ರತಿ ಮನೆಯಲ್ಲೂ ಒಂದು ನಾಯಿ ಇದೆ. ವೈರಸ್ ಒಳಗೆ ಬಂದರೆ ನಾಯಿ ಬೊಗಳುತ್ತದೆ. ಅಕ್ಕಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಆ ಬೊಗಳುವಿಕೆಗೆ ಇಂಟರ್‌ಫೆರಾನ್ ಅಂತ ಹೆಸರು. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅನ್ನುವ ಇಬ್ಬರು ಕಂಡುಹಿಡಿದರು. ಈ ನಾಯಿಗೆ ಇನ್ನೊಂದು ಅಭ್ಯಾಸ ಇದೆ. ಕೋಶ ಸುಮ್ಮನೆ ಬೆಳೆಯುತ್ತಾ ಹೋದರೆ, ಸಾಕು ನಿಲ್ಲಿಸು ಅಂತಲೂ ಬೊಗಳುತ್ತದೆ.

ಈಗ ಒಂದು ಮನೆಯಲ್ಲಿ ಕಳ್ಳಭಟ್ಟಿ ಕಾಯಿಸೋಕೆ ಶುರುಮಾಡಿದರು ಅನ್ನಿ. ರಾತ್ರಿಯೆಲ್ಲ ಕೆಲಸ. ನಾಯಿ ಬೊಗಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಏನು ಮಾಡುತ್ತಾರೆ? ನಾಯಿಗೆ ವಿಷ ಹಾಕುತ್ತಾರೆ. ಕ್ಯಾನ್ಸರ್ ಕೋಶ ಮಾಡುವುದು ಇದನ್ನೇ. ಎಗ್ಗಿಲ್ಲದೆ ಬೆಳೆಯಬೇಕು, ಅದಕ್ಕೆ ಎಷ್ಟೋ ಸಲ ಈ ಕಾವಲು ವ್ಯವಸ್ಥೆಯನ್ನೇ ಹಾಳುಮಾಡಿಕೊಂಡಿರುತ್ತದೆ. ಭಟ್ಟಿ ಚೆನ್ನಾಗಿ ನಡೆಯುತ್ತದೆ. ಆದರೆ ನಾಯಿ ಇಲ್ಲದ ಮನೆಗೆ ಕಳ್ಳ ನುಗ್ಗುವುದು ಸುಲಭ ಅಲ್ವಾ? ಒಳ್ಳೆಯ ಕೋಶದಲ್ಲಿ ಒದೆ ತಿಂದು ಓಡುವ ಬಡಕಲು ವೈರಸ್ ಕೂಡ ಕ್ಯಾನ್ಸರ್ ಕೋಶದಲ್ಲಿ ಹಾಯಾಗಿ ಮರಿ ಮಾಡುತ್ತದೆ. ಮರಿಗಳು ತುಂಬಿ ಕೋಶ ಒಡೆಯುತ್ತದೆ. ಅಮ್ಮನ ಬೆರಳಿನ ಮೇಲೆ ಒಡೆದ ಹಾಗೆ.

ಎಲ್ಲ ಕ್ಯಾನ್ಸರ್‌ನಲ್ಲೂ ನಾಯಿ ಸತ್ತಿರುವುದಿಲ್ಲ. ಕೆಲವದರಲ್ಲಿ ಮಂಪರಿನಲ್ಲಿರುತ್ತದೆ, ಕೆಲವದರಲ್ಲಿ ಚೆನ್ನಾಗೇ ಬೊಗಳುತ್ತದೆ. ಒಬ್ಬರಿಗೆ ಹಿಡಿದ ಔಷಧ ಇನ್ನೊಬ್ಬರಿಗೆ ಹಿಡಿಯದೇ ಇರುವುದಕ್ಕೆ ಇದೂ ಒಂದು ಕಾರಣ.

ಇದು ಹೊಸ ಆಲೋಚನೆ ಅಂದುಕೊಳ್ಳಬೇಡಿ. ವೈರಸ್ ಅಂದರೇನು ಅಂತ ಸರಿಯಾಗಿ ಗೊತ್ತಾಗುವ ಮೊದಲೇ ವೈದ್ಯರಿಗೆ ಇದರ ಸುಳಿವು ಸಿಕ್ಕಿತ್ತು. 1904ರಲ್ಲಿ ಜಾರ್ಜ್ ಡಾಕ್ ಅನ್ನುವ ಅಮೆರಿಕದ ವೈದ್ಯರು ರಕ್ತದ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸಿನ ಬಗ್ಗೆ ಬರೆದರು. ಆಕೆಗೆ ಫ್ಲೂ ಥರದ ಜ್ವರ ಬಂತು. ಬಿಳಿ ರಕ್ತಕಣಗಳು ಸರ್ರನೆ ಇಳಿದವು. ಫ್ಲೂ ವೈರಸ್ ಮನುಷ್ಯರಲ್ಲಿ ಪತ್ತೆಯಾಗಿದ್ದು 1933ರಲ್ಲಿ, ನೋಡಿ ಎಷ್ಟು ಮೊದಲು. ಆದರೆ ಆ ಇಳಿತ ಹಾಗೇ ಉಳಿಯಲಿಲ್ಲ, ಕಾಯಿಲೆ ವಾಪಸ್ ಬಂತು. 1912ರಲ್ಲಿ ಇಟಲಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇದ್ದ ಹೆಂಗಸಿಗೆ ನಾಯಿ ಕಚ್ಚಿತು. ಆಗಿನ ಹುಚ್ಚುನಾಯಿ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತಿತ್ತು. ಲಸಿಕೆ ಕೊಟ್ಟರು, ಗಡ್ಡೆ ಕುಗ್ಗಿತು.

ನನಗೆ ಹೆಚ್ಚು ಕಾಡುವುದು ಉಗಾಂಡದ ಹುಡುಗ. ಎಂಟು ವರ್ಷ. ಬರ್ಕಿಟ್ ಲಿಂಫೋಮ ಅನ್ನುವ ಕ್ಯಾನ್ಸರ್. ಕಣ್ಣಿನ ಹತ್ತಿರ ದೊಡ್ಡ ಗಡ್ಡೆ. ಚಿಕಿತ್ಸೆ ಶುರುವಾಗುವ ಮೊದಲೇ ಅವನಿಗೆ ದಡಾರ ಬಂತು. ನಮ್ಮ ಕಡೆ ಆಗಿದ್ದರೆ ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದೆವು. ಮೈಮೇಲೆ ದಡಾರ ಎದ್ದು ಇಳಿಯುವಷ್ಟರಲ್ಲಿ ಗಡ್ಡೆಯೂ ಇಳಿಯಿತು. 1971ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫೋಟೋ ಸಮೇತ ಅಚ್ಚಾಯಿತು. ಹಾಗಂತ ದಡಾರ ಬರಿಸಿಕೊಳ್ಳೋಕೆ ಯಾರೂ ಹೋಗಬೇಡಿ. ದಡಾರದಿಂದ ಸತ್ತ ಮಕ್ಕಳ ಫೋಟೋ ಯಾವ ಪತ್ರಿಕೆಯಲ್ಲೂ ಹೀಗೆ ಬರಲಿಲ್ಲ ಅಷ್ಟೇ, ಅವರ ಲೆಕ್ಕ ಲಕ್ಷಗಳಲ್ಲಿದೆ.

ಇಂಥ ಸುದ್ದಿ ಕೇಳಿ ಕೆಲವು ವೈದ್ಯರು ಆತುರಪಟ್ಟರು. ಈ ಕಥೆಯನ್ನು ಬಿಟ್ಟು ಮುಂದೆ ಹೋಗಬಹುದಿತ್ತು, ಆದರೆ ಹೇಳದಿದ್ದರೆ ಮೋಸ ಆಗುತ್ತದೆ. 1949ರಲ್ಲಿ 22 ಹಾಡ್ಜ್‌ಕಿನ್ ಕ್ಯಾನ್ಸರ್ ರೋಗಿಗಳಿಗೆ ಕಾಮಾಲೆ ತರುವ ಹೆಪಟೈಟಿಸ್ ವೈರಸ್ ಕೊಟ್ಟರು. ಕೆಲವರ ಗಡ್ಡೆ ಕುಗ್ಗಿದ್ದು ನಿಜ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕಾಮಾಲೆ ಬಂದಿದ್ದೂ ನಿಜ, ಅದರಿಂದ ಸಾವಾಗಿದ್ದೂ ನಿಜ. 1950ರ ದಶಕದಲ್ಲಿ ಚೆಸ್ಟರ್ ಸೌತಮ್ ಅನ್ನುವವರು ವೆಸ್ಟ್ ನೈಲ್ ವೈರಸ್ ಕೊಟ್ಟು ನೋಡಿದರು. ಇದೇ ಸೌತಮ್ 1963ರಲ್ಲಿ ಬ್ರೂಕ್ಲಿನ್‌ನ ಒಂದು ಆಸ್ಪತ್ರೆಯಲ್ಲಿ 22 ಜನ ಕಾಯಿಲೆಯ ಮುದುಕರಿಗೆ ಕ್ಯಾನ್ಸರ್ ಕೋಶ ಚುಚ್ಚಿಸಿದರು. ಅದು ಕ್ಯಾನ್ಸರ್ ಕೋಶ ಅಂತ ಅವರಿಗೆ ಹೇಳಲಿಲ್ಲ. ಕೊನೆಗೆ ಸೌತಮ್‌ಗೆ ಒಂದು ವರ್ಷ ನಿಗಾದಲ್ಲಿಡುವ ಶಿಕ್ಷೆ ಮಾತ್ರ ಆಯಿತು. ಆಮೇಲೆ ಅವರನ್ನೇ ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘಕ್ಕೆ ಅಧ್ಯಕ್ಷರನ್ನಾಗಿ ಆರಿಸಿದರು. ಔಷಧ ಪ್ರಯೋಗಕ್ಕೆ ಸೇರುವಾಗ ಈಗ ಹತ್ತಾರು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರಲ್ಲ, ಬೇಜಾರಾಗುತ್ತದಲ್ಲ, ಅದರ ಹಿಂದೆ ಇಂಥ ಕಥೆಗಳಿವೆ.

ಕಾಡಿನಿಂದ ಹಿಡಿದು ತಂದ ವೈರಸ್ ನಂಬಿಕೆಗೆ ಬಾರದು ಅಂತ ಗೊತ್ತಾಯಿತು. ಪಳಗಿಸಬೇಕು. ಪಳಗಿಸುವ ವಿದ್ಯೆ ಬಂದಿದ್ದು ಜೀನ್ ಕತ್ತರಿಸೋಕೆ ಕಲಿತ ಮೇಲೆ. 1991ರಲ್ಲಿ ರಾಬರ್ಟ್ ಮಾರ್ಟುಜಾ ತಂಡದವರು ಹರ್ಪಿಸ್ ವೈರಸ್‌ನ ಒಂದು ಜೀನ್ ಕೆಡಿಸಿ, ಇಲಿಗಳ ಮಿದುಳು ಗಡ್ಡೆಯ ಮೇಲೆ ಬಿಟ್ಟರು. ಇಲಿಗಳು ಜಾಸ್ತಿ ದಿನ ಬದುಕಿದವು. ಅಲ್ಲಿಂದ ದಾರಿ ತೆರೆಯಿತು.

ಹರ್ಪಿಸ್ ನಿಮಗೆ ಗೊತ್ತು. ಜ್ವರ ಬಂದು ಬಿಟ್ಟ ಮೇಲೆ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುತ್ತದಲ್ಲ, ಅದು. ಸರ್ಪಸುತ್ತಿನ ವೈರಸ್ ಅದರ ದಾಯಾದಿ. ಈ ತುಟಿಗುಳ್ಳೆಯ ವೈರಸ್‌ನಿಂದಲೇ ಅಮೆರಿಕ ಒಪ್ಪಿದ ಮೊದಲ ಔಷಧ ತಯಾರಾಯಿತು. ಹೆಸರು ಟಿ-ವೆಕ್. 2015ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್‌ಗೆ.

ಇದನ್ನು ಹೇಗೆ ಪಳಗಿಸಿದರು ಅನ್ನುವುದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ಎರಡು ಜೀನ್ ತೆಗೆದರು, ಒಂದು ಸೇರಿಸಿದರು. ವೈರಸ್ ಒಳಗೆ ಬಂದರೆ ಒಳ್ಳೆಯ ಕೋಶ ತನ್ನ ಕಾರ್ಖಾನೆಯ ಮೇನ್ ಸ್ವಿಚ್ ಆರಿಸಿಬಿಡುತ್ತದೆ. ನಾನು ಸತ್ತರೂ ಪರವಾಗಿಲ್ಲ, ನಿನ್ನ ಮರಿ ಮಾಡಿಕೊಡಲ್ಲ ಅಂತ. ಹರ್ಪಿಸ್‌ನಲ್ಲಿ ಆ ಸ್ವಿಚ್ಚನ್ನು ಮತ್ತೆ ಹಾಕುವ ಒಂದು ಜೀನ್ ಇದೆ. ಅದನ್ನು ಕಿತ್ತರು. ಈಗ ಒಳ್ಳೆಯ ಕೋಶದಲ್ಲಿ ಈ ವೈರಸ್ ಕೈಕಟ್ಟಿ ಕೂರುತ್ತದೆ. ಕ್ಯಾನ್ಸರ್ ಕೋಶದಲ್ಲಿ ಆ ಸ್ವಿಚ್ಚೇ ಕೆಟ್ಟಿರುವುದರಿಂದ ಅಲ್ಲಿ ಕೆಲಸ ನಡೆಯುತ್ತದೆ. ಎರಡನೆಯ ಜೀನ್, ವೈರಸ್ ಹೊಕ್ಕ ಕೋಶವನ್ನು ನಮ್ಮ ಮೈಯ ಕಾವಲಿನವರ ಕಣ್ಣಿಂದ ಮರೆಮಾಡುವ ಜೀನ್. ಅದನ್ನೂ ಕಿತ್ತರು, ಮುಸುಕು ತೆಗೆದ ಹಾಗೆ. ಸೇರಿಸಿದ್ದು ಮನುಷ್ಯನದೇ ಒಂದು ಜೀನ್. ಅದು ಜಿಎಂ-ಸಿಎಸ್‌ಎಫ್ ಅನ್ನುವ ಪ್ರೋಟೀನ್ ಮಾಡುತ್ತದೆ. ಆ ಪ್ರೋಟೀನ್ ರೋಗನಿರೋಧಕ ಕೋಶಗಳನ್ನು ಬನ್ನಿ ಬನ್ನಿ ಅಂತ ಕರೆಯುತ್ತದೆ.

ಗಮನಿಸಿದಿರಾ? ಕೊಲ್ಲುವ ಶಕ್ತಿಯನ್ನು ಹೆಚ್ಚು ಮಾಡಲಿಲ್ಲ. ಕೂಗುವ ಶಕ್ತಿಯನ್ನು ಹೆಚ್ಚು ಮಾಡಿದರು.

ಯಾಕೆ ಅಂತ ಹೇಳಬೇಕಾದರೆ ನಮ್ಮ ಹುಳುಮನೆಗೆ ವಾಪಸ್ ಹೋಗಬೇಕು. ಒಂದು ಹುಳು ಒಡೆದರೆ ಸಾಕು, ಹಾಲು ಸೊಪ್ಪಿಗೆ ತಾಗುತ್ತದೆ, ಪಕ್ಕದ ಹುಳು ತಿನ್ನುತ್ತದೆ, ತಟ್ಟೆ ಪೂರ್ತಿ ಹೋಗುತ್ತದೆ. ಗಡ್ಡೆಯೂ ಹೀಗೇ ಆಗುತ್ತದೆ ಅಂತ ಬಹಳ ವರ್ಷ ಎಲ್ಲರೂ ನಂಬಿದ್ದರು. ಒಂದು ಕೋಶಕ್ಕೆ ವೈರಸ್ ಬಿಟ್ಟರೆ ಅದು ಒಡೆದು ಪಕ್ಕದ್ದಕ್ಕೆ, ಅದು ಒಡೆದು ಅದರ ಪಕ್ಕದ್ದಕ್ಕೆ, ಗಡ್ಡೆ ಪೂರ್ತಿ ಹಾಲು. ನಾನೂ ಹಾಗೇ ನಂಬಿದ್ದೆ. ಆದರೆ ಮನುಷ್ಯನ ಮೈ ತಟ್ಟೆಯಲ್ಲ. ಇಲ್ಲಿ ರಕ್ತ ಹರಿಯುತ್ತದೆ, ರಕ್ತದಲ್ಲಿ ಪೊಲೀಸರಿದ್ದಾರೆ. ವೈರಸ್ ಪೂರ್ತಿ ಗಡ್ಡೆ ಸುತ್ತುವ ಮೊದಲೇ ಅದನ್ನು ಹಿಡಿದು ಹಾಕುತ್ತಾರೆ. ತಟ್ಟೆಯಲ್ಲಿ ಆಗುವಂಥ ಕಾಡ್ಗಿಚ್ಚು ಗಡ್ಡೆಯಲ್ಲಿ ಆಗುವುದು ಅಪರೂಪ.

ಹಾಗಾದರೆ ಔಷಧ ಹೇಗಾಯಿತು? ಪೊಲೀಸರು ಬಂದರಲ್ಲ, ಅದೇ ಔಷಧ. ಕ್ಯಾನ್ಸರ್ ಗಡ್ಡೆ ಇಷ್ಟು ದಿನ ಊರಿನ ನಡುವೆಯೇ ಇತ್ತು, ಯಾರಿಗೂ ಅನುಮಾನ ಬಂದಿರಲಿಲ್ಲ. ನಮ್ಮದೇ ಮನೆಯ ಕೋಶ ತಾನೇ. ಈಗ ವೈರಸ್ ಒಂದಷ್ಟು ಕೋಶಗಳನ್ನು ಒಡೆದು ಒಳಗಿನ ಸಾಮಾನೆಲ್ಲ ಬೀದಿಗೆ ಚೆಲ್ಲಿತು. ಗದ್ದಲ ಕೇಳಿ ಬಂದವರು ವೈರಸ್ಸನ್ನು ಹಿಡಿದರು. ಜೊತೆಗೆ ಚೆಲ್ಲಿದ ಸಾಮಾನನ್ನೂ ನೋಡಿದರು. ಇದೇನು, ಇಲ್ಲಿ ಭಟ್ಟಿ ಇಟ್ಟಿದ್ದಾರೆ! ಒಮ್ಮೆ ಗುರುತು ಸಿಕ್ಕಿತು ಅಂದರೆ ಅದೇ ಗುರುತು ಹಿಡಿದು ಬೇರೆ ಬೀದಿಯ ಭಟ್ಟಿಗಳನ್ನೂ ಹುಡುಕುತ್ತಾರೆ.

ಇದು ಸುಮ್ನೆ ಕಥೆಯಲ್ಲ. ಟಿ-ವೆಕ್‌ನ ದೊಡ್ಡ ಪ್ರಯೋಗದಲ್ಲಿ 436 ಜನ ಇದ್ದರು. ವೈರಸ್ಸನ್ನು ಗಡ್ಡೆಗೇ ಚುಚ್ಚುತ್ತಾರೆ. ಮೊದಲ ಸಲ ಮಿಲಿಲೀಟರಿಗೆ 10 ಲಕ್ಷ ವೈರಸ್, ಮೂರು ವಾರ ಬಿಟ್ಟು 10 ಕೋಟಿ, ಆಮೇಲೆ ಎರಡು ವಾರಕ್ಕೊಮ್ಮೆ. ಚುಚ್ಚಿದ ಗಡ್ಡೆಗಳಲ್ಲಿ ಶೇ. 64ರಷ್ಟು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಕುಗ್ಗಿದವು. ಮುಖ್ಯವಾದ ಮಾತು ಇನ್ನು ಮುಂದಿದೆ. ಸೂಜಿಯನ್ನೇ ಮುಟ್ಟಿಸದ, ಮೈಯ ಬೇರೆ ಕಡೆ ಚರ್ಮದಲ್ಲಿ, ದುಗ್ಧರಸ ಗ್ರಂಥಿಗಳಲ್ಲಿ ಇದ್ದ ಗಡ್ಡೆಗಳಲ್ಲೂ ಶೇ. 34ರಷ್ಟು ಹಾಗೇ ಕುಗ್ಗಿದವು. ಶ್ವಾಸಕೋಶ, ಲಿವರ್‌ನಂಥ ಒಳಗಿನ ಅಂಗಗಳ ಗಡ್ಡೆಗಳಲ್ಲಿ ಶೇ. 15. ಚುಚ್ಚದ ಗಡ್ಡೆಗೆ ಕುಗ್ಗು ಅಂತ ಹೇಳಿದವರು ಯಾರು? ಮೈಯೇ ಹೇಳಿತು.

ಈಗ ಬೆಲೂನಿನ ಗಾಳಿ ಸ್ವಲ್ಪ ಬಿಡುತ್ತೇನೆ. ಅದೇ ಪ್ರಯೋಗದಲ್ಲಿ, ಕುಗ್ಗಿದ್ದು ಆರು ತಿಂಗಳಾದರೂ ಹಾಗೇ ನಿಂತವರು ನೂರಕ್ಕೆ 16 ಜನ. ವೈರಸ್ ಇಲ್ಲದೆ ಬರೀ ಜಿಎಂ-ಸಿಎಸ್‌ಎಫ್ ಪ್ರೋಟೀನಿನ ಇಂಜೆಕ್ಷನ್ ತಗೊಂಡವರಲ್ಲಿ ನೂರಕ್ಕೆ ಇಬ್ಬರು. ಎರಡಕ್ಕೆ ಹೋಲಿಸಿದರೆ ಹದಿನಾರು ದೊಡ್ಡದು. ನೂರಕ್ಕೆ ಹೋಲಿಸಿದರೆ? ಉಳಿದ 84 ಜನ ಎಲ್ಲಿ ಹೋದರು ಅಂತ ವಾಟ್ಸಾಪ್‌ನಲ್ಲಿ ಯಾರೂ ಕಳಿಸಲ್ಲ. ಈ ವೈರಸ್ ಜೊತೆಗೆ ರೋಗನಿರೋಧಕ ಶಕ್ತಿಯ ಬ್ರೇಕ್ ತೆಗೆಯುವ ಹೊಸ ಔಷಧವನ್ನೂ ಕೊಟ್ಟರೆ ಇನ್ನೂ ಚೆನ್ನಾಗಿರುತ್ತದೆ ಅಂತ ಎಲ್ಲರೂ ಆಸೆಪಟ್ಟಿದ್ದರು. 692 ಜನರಲ್ಲಿ ನೋಡಿದರು. 2021ರಲ್ಲಿ, ಹೆಚ್ಚಿನ ಲಾಭ ಕಾಣುತ್ತಿಲ್ಲ ಅಂತ ನಿಲ್ಲಿಸಿದರು. ವಿಜ್ಞಾನದಲ್ಲಿ ಇಂಥ ದಿನಗಳೇ ಜಾಸ್ತಿ, ಬೆಳೆ ಕೈಕೊಟ್ಟ ಮೇಲೂ ಮತ್ತೆ ಮೊಟ್ಟೆ ತರುತ್ತೀರಲ್ಲ ನೀವು, ಹಾಗೆ.

ಬೆಲೆಯನ್ನೂ ಕೇಳಿ. ಬಂದಾಗ ಒಬ್ಬ ರೋಗಿಗೆ ಸುಮಾರು 65 ಸಾವಿರ ಡಾಲರ್ ಆಗಬಹುದು ಅಂತ ಕಂಪನಿಯೇ ಹೇಳಿತ್ತು. ಆಗಿನ ರೂಪಾಯಿ ಲೆಕ್ಕದಲ್ಲಿ 40 ಲಕ್ಷಕ್ಕೂ ಜಾಸ್ತಿ. ಇಡಬೇಕಾದದ್ದು ಮೈನಸ್ 70 ಡಿಗ್ರಿಗಿಂತ ತಣ್ಣಗೆ. ಕರೆಂಟ್ ಹೋದರೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಏನಾಗಬಹುದು, ಯೋಚನೆ ಮಾಡಿ.

ಮಿದುಳಿನ ಕಡೆ ಬರೋಣ. ಜಪಾನಿನಲ್ಲಿ ತೋಮೊಕಿ ತೊಡೊ ಅನ್ನುವ ಶಸ್ತ್ರವೈದ್ಯರು ಮೂರು ಕಡೆ ಕತ್ತರಿ ಹಾಕಿದ ಹರ್ಪಿಸ್ ವೈರಸ್ ತಯಾರಿಸಿದರು. ಮಿದುಳಿನ ಕೆಟ್ಟ ಗಡ್ಡೆಗೆ ಅದನ್ನು ಬಳಸಲು 2021ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಪ್ರಯೋಗ ನಡೆದಿದ್ದು ಬರೀ 19 ಜನರ ಮೇಲೆ. ಅವರಲ್ಲಿ ಶೇ. 84 ಜನ ಒಂದು ವರ್ಷದ ನಂತರವೂ ಬದುಕಿದ್ದರು. ಈ ಗಡ್ಡೆ ಮರುಕಳಿಸಿದ ಮೇಲೆ ವರ್ಷ ಕಳೆಯುವುದೇ ಕಷ್ಟ, ಅದಕ್ಕೆ ಇದು ಸಣ್ಣ ಮಾತಲ್ಲ. ಆದರೆ 19 ಅಂದರೆ ಒಂದು ಮಿನಿ ಬಸ್ ತುಂಬಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಧೈರ್ಯದ ಕೆಲಸ ಮಾಡಿದರು. ಪೋಲಿಯೋ ವೈರಸ್! ನಮ್ಮ ದೇಶದಲ್ಲಿ ಮನೆ ಮನೆ ತಿರುಗಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎರಡು ಹನಿ ಹಾಕಿ 2014ರಲ್ಲಿ ಪೋಲಿಯೋ ಮುಕ್ತ ಅನ್ನಿಸಿಕೊಂಡೆವು. ಅವರು ಅದೇ ಪೋಲಿಯೋವನ್ನು ಮಿದುಳಿಗೆ ಬಿಟ್ಟರು. ಅದರ ಒಂದು ತುಂಡು ತೆಗೆದು ನೆಗಡಿ ವೈರಸ್‌ನ ತುಂಡು ಜೋಡಿಸಿದ್ದರು. ಹಾಗಾಗಿ ನರಕೋಶದಲ್ಲಿ ಅದು ಬೆಳೆಯಲ್ಲ. ಪೋಲಿಯೋ ವೈರಸ್ ಒಳಗೆ ಹೋಗುವ ಬಾಗಿಲು ಗಡ್ಡೆ ಕೋಶಗಳ ಮೇಲೆ ಬೇಕಾದಷ್ಟು ಇರುತ್ತದೆ. 2018ರಲ್ಲಿ ಬಂದ ವರದಿಯಲ್ಲಿ 61 ರೋಗಿಗಳು. ಮೂರು ವರ್ಷದ ಮೇಲೂ ಬದುಕಿದ್ದವರು ಶೇ. 21. ಹಳೆಯ ದಾಖಲೆಗಳಲ್ಲಿ ಇಂಥ ರೋಗಿಗಳಿಗೆ ಇದು ಶೇ. 4.

ಇಲ್ಲಿ ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು. “ಮೇಡಂ, ನಾವೆಲ್ಲ ಪೋಲಿಯೋ ಹನಿ ಹಾಕಿಸ್ಕೊಂಡಿದ್ದೀವಿ. ನಮ್ಮ ಮೈ ಆ ವೈರಸ್ಸನ್ನ ಮೊದ್ಲೇ ಹೊಡೆದು ಹಾಕಲ್ವಾ?” ಸರಿಯಾದ ಪ್ರಶ್ನೆ. ತಮಾಷೆ ಏನೆಂದರೆ, ಡ್ಯೂಕ್‌ನಲ್ಲಿ ವೈರಸ್ ಕೊಡುವ ಮೊದಲು ರೋಗಿಗಳಿಗೆ ಪೋಲಿಯೋ ಲಸಿಕೆಯನ್ನು ಮತ್ತೊಮ್ಮೆ ಹಾಕಿದ್ದರು. ಮಿದುಳಿನ ಗಡ್ಡೆಯೊಳಗೆ ಸಣ್ಣ ಕೊಳವೆ ಇಟ್ಟು ಬಿಡುವುದರಿಂದ ರಕ್ತದಲ್ಲಿರುವ ಪೊಲೀಸರಿಗೆ ತಕ್ಷಣ ಸಿಗಲ್ಲ. ಮೊದಲೇ ಪರಿಚಯ ಇರುವುದರಿಂದ ಆಮೇಲೆ ಬರುವವರು ಜೋರಾಗಿ ಬರುತ್ತಾರೆ. ಬೇರೆ ಕಡೆ ವೈರಸ್ ಹರಡುವ ಭಯವೂ ಇಲ್ಲ.

ಆದರೆ ವೈರಸ್ಸನ್ನು ಗಡ್ಡೆಗೆ ಚುಚ್ಚದೆ ರಕ್ತಕ್ಕೇ ಬಿಡಬೇಕು ಅಂದಾಗ ಅವಳ ಪ್ರಶ್ನೆ ದೊಡ್ಡ ಗೋಡೆಯಾಗಿ ನಿಲ್ಲುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ ಅನ್ನುವ ಆಸ್ಪತ್ರೆಯಲ್ಲಿ ಮೈಲೋಮ ಅನ್ನುವ ಮೂಳೆಮಜ್ಜೆಯ ಕ್ಯಾನ್ಸರ್ ಇದ್ದ ಇಬ್ಬರು ಹೆಂಗಸರಿಗೆ ಲಸಿಕೆಯ ಜಾತಿಯ ದಡಾರ ವೈರಸ್ಸನ್ನು ರಕ್ತಕ್ಕೆ ಬಿಟ್ಟರು. 2014ರಲ್ಲಿ ವರದಿ ಬಂತು. ಇಬ್ಬರ ಮೈಯಲ್ಲೂ ದಡಾರದ ಎದುರು ನಿಲ್ಲುವ ಶಕ್ತಿ ಕಡಿಮೆ ಇತ್ತು, ಹಾಗೆ ನೋಡಿಯೇ ಆರಿಸಿದ್ದು. ಕೊಟ್ಟದ್ದು ಹತ್ತು ಸಾವಿರ ಕೋಟಿ ವೈರಸ್. ಒಂದು ಕೋಟಿ ಮಕ್ಕಳಿಗೆ ಲಸಿಕೆ ಹಾಕುವಷ್ಟು. ಒಬ್ಬರಿಗೆ ಕಾಯಿಲೆ ಪೂರ್ತಿ ಇಳಿದು ತಿಂಗಳುಗಟ್ಟಲೆ ಹಾಗೇ ಇತ್ತು. ಇನ್ನೊಬ್ಬರಿಗೆ ಅಷ್ಟು ಲಾಭ ಆಗಲಿಲ್ಲ. ನಮ್ಮಲ್ಲಿ ದಡಾರ ಬಾರದ, ಲಸಿಕೆ ಹಾಕಿಸಿಕೊಳ್ಳದ ದೊಡ್ಡವರು ಎಷ್ಟು ಜನ ಸಿಕ್ಕಾರು?

ಪೇಪರಿನಲ್ಲಿ ಓದಿರಬಹುದು, ಕ್ರೊಯೇಷಿಯಾದ ಬೆಯಾಟ ಹಲಾಸಿ ಅನ್ನುವ ವಿಜ್ಞಾನಿಯ ವಿಷಯ. ವೈರಸ್ ಮೇಲೇ ಕೆಲಸ ಮಾಡುವವರು. ಸ್ತನ ಕ್ಯಾನ್ಸರ್ ಮತ್ತೆ ಬಂದಾಗ, ತಮ್ಮದೇ ಲ್ಯಾಬಿನಲ್ಲಿ ಬೆಳೆಸಿದ ದಡಾರದ ವೈರಸ್ಸನ್ನೂ, ದನಕುದುರೆಗಳಿಗೆ ಬಾಯಿಗುಳ್ಳೆ ತರುವ ಇನ್ನೊಂದು ವೈರಸ್ಸನ್ನೂ ತಮ್ಮ ಗಡ್ಡೆಗೆ ಚುಚ್ಚಿಸಿಕೊಂಡರು. ಗಡ್ಡೆ ಕುಗ್ಗಿ ಮೆತ್ತಗಾಯಿತು, ಆಪರೇಷನ್ ಮಾಡಿ ತೆಗೆದರು. 2024ರಲ್ಲಿ ಅದನ್ನು ಪ್ರಕಟಿಸಿದಾಗ ದೊಡ್ಡ ಚರ್ಚೆಯಾಯಿತು. ನನಗೆ ಆಕೆಯ ಧೈರ್ಯದ ಬಗ್ಗೆ ಗೌರವ ಇದೆ. ಆದರೆ ಸುದ್ದಿ ಓದಿದವರು ಬಿಟ್ಟುಬಿಡುವ ಮಾತು ಎರಡಿದೆ. ಆಕೆಯ ಡಾಕ್ಟರ್‌ಗಳು ಪಕ್ಕದಲ್ಲೇ ಇದ್ದು ನೋಡಿಕೊಳ್ಳುತ್ತಿದ್ದರು. ಆಪರೇಷನ್ ಆದಮೇಲೆ ಆಕೆ ಒಂದು ವರ್ಷ ಮಾಮೂಲಿ ಕ್ಯಾನ್ಸರ್ ಔಷಧವನ್ನೂ ತಗೊಂಡರು.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ನಮ್ಮ ದೊಡ್ಡಮ್ಮ ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ಸೇರಿಸಿ ದವಡೆಗೆ ಒತ್ತಿಕೊಂಡು ರಾತ್ರಿ ಹಾಗೇ ನಿದ್ದೆ ಹೋಗುತ್ತಿದ್ದಳು. ಈ ಸಭೆಯಲ್ಲಿ ಇರುವ ಹೆಂಗಸರಿಗೆ ಇದೇನು ಹೊಸದಲ್ಲ, ಕೆಲವರು ಸೆರಗಿನ ಮರೆಯಲ್ಲಿ ನಗುತ್ತಿದ್ದೀರಿ. ಅವಳು ಒತ್ತಿಕೊಳ್ಳುತ್ತಿದ್ದ ಕಡೆಯೇ ಹುಣ್ಣಾಯಿತು. ನೋವಿರಲಿಲ್ಲ, ಅದಕ್ಕೆ ಯಾರಿಗೂ ಹೇಳಲಿಲ್ಲ. ಆಮೇಲೆ ಯಾರೋ ಪುಡಿ ಕೊಟ್ಟರು, ಇನ್ಯಾರೋ ಪಥ್ಯ ಹೇಳಿದರು. ಬೆಂಗಳೂರಿಗೆ ಕರೆದುಕೊಂಡು ಹೋಗುವಾಗ ಬಾಯಿ ತೆರೆಯೋಕೆ ಆಗುತ್ತಿರಲಿಲ್ಲ. ಆ ಐದು ತಿಂಗಳ ಲೆಕ್ಕ ಈಗಲೂ ನನ್ನ ತಲೆಯಲ್ಲಿದೆ. ಮೂರು ವಾರಕ್ಕೂ ಮಾಯದ ಹುಣ್ಣು ಬಾಯಲ್ಲಿದ್ದರೆ ತೋರಿಸಿ, ನೋವಿಲ್ಲದಿದ್ದರೂ. ಈ ಕ್ಯಾನ್ಸರ್‌ಗೆ ಬೇಗ ಹೋದರೆ ಆಪರೇಷನ್ನೇ ಒಳ್ಳೆಯ ಔಷಧ.

ಬಾಯಿ ಗಂಟಲಿನ ಕಡೆಗೆ ವೈರಸ್ ಇಲ್ಲವೇ ಅಂದರೆ, ಚೀನಾದಲ್ಲಿ ಇದೆ. 2005ರಲ್ಲೇ ಅನುಮತಿ ಕೊಟ್ಟರು. ನೆಗಡಿ ತರುವ ಅಡಿನೋವೈರಸ್, ಒಂದು ಜೀನ್ ತೆಗೆದದ್ದು. ಕೀಮೋ ಜೊತೆ ಕೊಡುತ್ತಾರೆ, ಅದೂ ಹೆಚ್ಚಾಗಿ ಮೂಗಿನ ಹಿಂಭಾಗದ ಕ್ಯಾನ್ಸರ್‌ಗೆ. ಬರೀ ಕೀಮೋದಲ್ಲಿ ನೂರಕ್ಕೆ 40 ಜನರ ಗಡ್ಡೆ ಕುಗ್ಗಿದರೆ, ವೈರಸ್ ಸೇರಿದಾಗ 79 ಜನರದು ಕುಗ್ಗಿತು. ಗಡ್ಡೆ ಕುಗ್ಗುವುದು ಬೇರೆ, ಆಯಸ್ಸು ಜಾಸ್ತಿಯಾಗುವುದು ಬೇರೆ. ಆ ಪ್ರಯೋಗ ಅಳೆದದ್ದು ಮೊದಲನೆಯದನ್ನು. ಲಾಟ್ವಿಯಾದಲ್ಲಿ 2004ರಿಂದ ಒಂದು ವೈರಸ್ ಔಷಧ ಮಾರುತ್ತಿದ್ದರು, ದೂರದೂರದ ರೋಗಿಗಳು ದುಡ್ಡು ಸುರಿದು ತಗೊಂಡರು. 2019ರಲ್ಲಿ ಪರೀಕ್ಷೆ ಮಾಡಿದರೆ, ಬಾಟಲಿಯ ಮೇಲೆ ಬರೆದದ್ದಕ್ಕಿಂತ ವೈರಸ್ ಬಹಳ ಕಡಿಮೆ ಇತ್ತು. ಮಾರಾಟ ನಿಲ್ಲಿಸಿದರು.

ನಮ್ಮಲ್ಲಿ ಏನೂ ಇಲ್ಲವಾ ಅಂತ ಸಪ್ಪೆ ಮುಖ ಮಾಡಬೇಡಿ. ಎಡಗೈ ರಟ್ಟೆ ನೋಡಿಕೊಳ್ಳಿ. ಬಿಸಿಜಿ ಗುರುತು ಇದೆಯಲ್ಲ? ಅದು ವೈರಸ್ ಅಲ್ಲ, ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಮೆತ್ತಗೆ ಮಾಡಿದ್ದು. ಅದೇ ಬಿಸಿಜಿಯನ್ನು ಮೂತ್ರಕೋಶದ ಕ್ಯಾನ್ಸರ್‌ಗೆ, ಗಡ್ಡೆ ಕೆರೆದು ತೆಗೆದ ಮೇಲೆ, ಕೊಳವೆಯಲ್ಲಿ ಒಳಗೆ ಬಿಡುತ್ತಾರೆ. ಬೆಂಗಳೂರಿನಲ್ಲಿ ಇದು ಮಾಮೂಲಿ ಚಿಕಿತ್ಸೆ. 1976ರಲ್ಲಿ ಕೆನಡಾದ ಮೊರಾಲೆಸ್ ಅನ್ನುವ ವೈದ್ಯರು ತೋರಿಸಿಕೊಟ್ಟರು. ವಾರಕ್ಕೊಂದರಂತೆ ಆರು ಸಲ. ಆರೇ ಯಾಕೆ ಅಂದರೆ, ಆಗ ಆ ಲಸಿಕೆಯ ಪೊಟ್ಟಣದಲ್ಲಿ ಆರು ಶೀಶೆ ಬರುತ್ತಿದ್ದವಂತೆ! ಇವತ್ತಿಗೂ ಶುರುವಿಗೆ ಆರೇ ಕೊಡುತ್ತಾರೆ. ಇಲ್ಲೂ ಅದೇ ಉಪಾಯ: ಜೀವ ಇರುವ ಒಂದು ಸೂಕ್ಷ್ಮಾಣುವನ್ನು ಗಡ್ಡೆ ಇದ್ದ ಜಾಗಕ್ಕೆ ಬಿಡುವುದು, ಗದ್ದಲ ಎಬ್ಬಿಸುವುದು, ಮೈಯನ್ನು ಕರೆಸುವುದು.

ವೈರಸ್ ಕೊಟ್ಟವರಿಂದ ಮನೆಯವರಿಗೆ ಅಂಟುತ್ತಾ ಅಂತ ಚೀಟಿ ಬಂದಿದೆ. ಟಿ-ವೆಕ್ ಚುಚ್ಚಿದ ಜಾಗವನ್ನು ಪಟ್ಟಿ ಹಾಕಿ ಮುಚ್ಚಿಡಬೇಕು. ಪಟ್ಟಿ ಬದಲಿಸುವವರು ಗ್ಲೌಸ್ ಹಾಕಿಕೊಳ್ಳಬೇಕು. ಬಸುರಿಯರು ಮುಟ್ಟಬಾರದು. ರೋಗಿಗೆ ಒಂದೆರಡು ದಿನ ಚಳಿಜ್ವರ, ಸುಸ್ತು ಮಾಮೂಲು. ಹರ್ಪಿಸ್‌ಗೆ ಅಸೈಕ್ಲೋವಿರ್ ಅನ್ನುವ ಮಾತ್ರೆ ಇದೆ, ಸರ್ಪಸುತ್ತಿಗೆ ಕೊಡುತ್ತಾರಲ್ಲ ಅದೇ. ಪಳಗಿಸುವಾಗ ಆ ಮಾತ್ರೆಗೆ ಬಗ್ಗುವ ಗುಣವನ್ನು ಮಾತ್ರ ಹಾಗೇ ಉಳಿಸಿದ್ದಾರೆ. ಮೂಗುದಾರ ಇದ್ದ ಹಾಗೆ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ರೀಲರ್ ಎದ್ದು ನಿಂತರು. “ಅಮ್ಮಾ, ಅವರೆ ಹೊಲಕ್ಕೆ ಹೊಡೆಯೋ ವೈರಸ್ಸು ಗಾಳೀಲಿ ಬಂದು ಹಿಪ್ಪುನೇರಳೆ ಮೇಲೆ ಕೂತ್ರೆ ನಮ್ ಹುಳು ಹಾಲಾಗಲ್ವಾ?” ಅಂದರು. ಇಷ್ಟು ಹೊತ್ತು ಕ್ಯಾನ್ಸರ್ ಬಗ್ಗೆ ಮಾತಾಡಿದ್ದೆ, ಅವರ ತಲೆಯಲ್ಲಿ ಆ ಅವರೆ ಹೊಲವೇ ಕೊರೆಯುತ್ತಿತ್ತು. ಆಗಲ್ಲ ಯಜಮಾನರೇ. ಕಾಯಿಕೊರಕದ ವೈರಸ್‌ಗೆ ಕಾಯಿಕೊರಕವೇ ಬೇಕು, ರೇಷ್ಮೆ ಹುಳು ಅದಕ್ಕೆ ಒಗ್ಗಲ್ಲ. ನಿಮ್ಮ ಹುಳು ಹಾಲಾದರೆ ಪಕ್ಕದ ಹೊಲದವರ ಜೊತೆ ಜಗಳಕ್ಕೆ ಹೋಗಬೇಡಿ. ಹೋದ ಬೆಳೆಯ ಹಾಲು ನಿಮ್ಮದೇ ತಟ್ಟೆಯ ಸಂದಿಯಲ್ಲಿ ಒಣಗಿ ಕೂತಿರುತ್ತದೆ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆಯಿರಿ.